ದೆವ್ವಗಳ ಸಾಕ್ಷ್ಯಶೋಧನೆ: ಬ್ರಿಟನ್ನಿನ ಚರಿತ್ರೆ

ದೆವ್ವ ಉಂಟೆಂದು ನಂಬಿಕೊಳ್ಳದೆ, ಇಲ್ಲವೆಂದು ಮೊದಲೇ ತೀರ್ಮಾನಿಸದೆ, ಕಂಡೆವೆಂದವರ ಹೇಳಿಕೆಗಳನ್ನು ಪರೀಕ್ಷೆಗೆ ಒಡ್ಡುವ ಪ್ರಯತ್ನ ಸಂಘಟಿತ ರೂಪ ಪಡೆದದ್ದು 1882ರ ಫೆಬ್ರವರಿ 20ರಂದು, ಲಂಡನ್ನಿನಲ್ಲಿ ‘ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್’ ಸ್ಥಾಪನೆಯಾದಾಗ. ಕೇಂಬ್ರಿಜ್‌ನ ನೀತಿಶಾಸ್ತ್ರಜ್ಞ ಹೆನ್ರಿ ಸಿಜ್ವಿಕ್ ಇದರ ಮೊದಲ ಅಧ್ಯಕ್ಷ. ಎಡ್ಮಂಡ್ ಗರ್ನಿ, ಫ್ರೆಡರಿಕ್ ಮೈಯರ್ಸ್, ಫ್ರಾಂಕ್ ಪಾಡ್ಮೋರ್ ಮೊದಲ ತಲೆಮಾರಿನ ಶೋಧಕರು. ಜನಪ್ರಿಯ ಪುಸ್ತಕಗಳು ಈ ಚರಿತ್ರೆಯನ್ನು ಬೋರ್ಲಿ ಎಂಬ ಹಳ್ಳಿಯ ಪಾದ್ರಿಮನೆಯ ಸುತ್ತಲೇ ಹೆಣೆಯುತ್ತ ಬಂದಿವೆ. ಯಾವುದನ್ನು ಸಾಕ್ಷ್ಯವೆಂದು ಒಪ್ಪಬೇಕು ಎಂಬ ಮೂಲಪ್ರಶ್ನೆ ಎದ್ದದ್ದು ಮಾತ್ರ ಬೋರ್ಲಿ ಸುದ್ದಿಯಾಗುವುದಕ್ಕೂ ನಾಲ್ಕು ದಶಕ ಮೊದಲು, 1884ರಿಂದ 1887ರ ನಡುವೆ.

1884ರಲ್ಲಿ ಗರ್ನಿ ಮತ್ತು ಮೈಯರ್ಸ್ ‘ನೈಂಟೀಂತ್ ಸೆಂಚುರಿ’ ಪತ್ರಿಕೆಯಲ್ಲಿ ಸರ್ ಎಡ್ಮಂಡ್ ಹಾರ್ನ್‌ಬಿಯ ಅನುಭವವನ್ನು ಪ್ರಕಟಿಸಿದರು. ಹಾರ್ನ್‌ಬಿ ಶಾಂಘೈನ ಬ್ರಿಟಿಷ್ ನ್ಯಾಯಾಲಯದ ಮುಖ್ಯ ನ್ಯಾಯಾಧೀಶನಾಗಿದ್ದವನು. 1875ರ ಜನವರಿಯ ಒಂದು ರಾತ್ರಿ ಸ್ಥಳೀಯ ಪತ್ರಿಕೆಯ ಸಂಪಾದಕ ತನ್ನ ಮಲಗುವ ಕೋಣೆಗೇ ಬಂದು ಮರುದಿನದ ತೀರ್ಪಿನ ಸಾರಾಂಶ ಕೇಳಿ ಬರೆದುಕೊಂಡು ಹೋದ, ಪಕ್ಕದಲ್ಲಿ ಮಲಗಿದ್ದ ಹೆಂಡತಿಗೆ ಆಗಲೇ ಸಂಗತಿ ತಿಳಿಸಿದೆ, ಆ ಮನುಷ್ಯ ಅದೇ ಹೊತ್ತಿಗೆ ಸತ್ತಿದ್ದನೆಂದು ಆಮೇಲೆ ಗೊತ್ತಾಯಿತು ಎಂಬುದು ಅವನ ಹೇಳಿಕೆ. ಪಾಟೀಸವಾಲು ಮಾಡುವುದರಲ್ಲೇ ಆಯಸ್ಸು ಕಳೆದ ನ್ಯಾಯಾಧೀಶನಿಗಿಂತ ಒಳ್ಳೆಯ ಸಾಕ್ಷಿ ಬೇಕೆ ಎಂದು ಶೋಧಕರು ಭಾವಿಸಿದ್ದರೆ ಅದು ಸಹಜವೇ. ಆದರೆ ಕೆಲವೇ ತಿಂಗಳಲ್ಲಿ ಶಾಂಘೈ ಬಲ್ಲ ಫ್ರೆಡರಿಕ್ ಬಾಲ್ಫೋರ್ ಒಂದು ಪತ್ರ ಬರೆದು ಕಥೆಯ ಗಂಟುಗಳನ್ನು ಬಿಚ್ಚಿಟ್ಟ. ಸಂಪಾದಕ ಸತ್ತದ್ದು ನಡುರಾತ್ರಿಯಲ್ಲಿ ಅಲ್ಲ, ಬೆಳಗ್ಗೆ ಎಂಟು ಗಂಟೆಯ ಮೇಲೆ. ಹಾರ್ನ್‌ಬಿ ಆಗ ವಿಧುರ. ಪಕ್ಕದಲ್ಲಿ ಮಲಗಿದ್ದಳೆನ್ನಲಾದ ಹೆಂಡತಿಯನ್ನು ಅವನು ಮದುವೆಯಾದದ್ದೇ ಮೂರು ತಿಂಗಳ ನಂತರ. ಆ ದಿನಕ್ಕೆ ಹೊಂದುವ ತೀರ್ಪೂ ದಾಖಲೆಯಲ್ಲಿ ಸಿಗಲಿಲ್ಲ. ಹಾರ್ನ್‌ಬಿ ತನ್ನ ನೆನಪು ತಪ್ಪಿರಬೇಕೆಂದು ಒಪ್ಪಿಕೊಂಡ. ಅವನು ಬೇಕೆಂದೇ ಸುಳ್ಳು ಹೇಳಿದನೆನ್ನಲು ಆಧಾರವಿಲ್ಲ. ಪ್ರಾಮಾಣಿಕನಾದವನೂ ಒಂಬತ್ತು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಕಥೆಯನ್ನು ಕಟ್ಟಿಕೊಳ್ಳಬಲ್ಲ ಎಂಬುದೇ ಈ ಪ್ರಕರಣದ ಮಹತ್ವ.

ಗರ್ನಿ, ಮೈಯರ್ಸ್, ಪಾಡ್ಮೋರ್ ಸೇರಿ 1886ರಲ್ಲಿ ಹೊರತಂದ ‘ಫ್ಯಾಂಟಸಮ್ಸ್ ಆಫ್ ದ ಲಿವಿಂಗ್’ ಎರಡು ಸಂಪುಟಗಳಲ್ಲಿ 702 ಪ್ರಕರಣಗಳನ್ನು ಒಳಗೊಂಡಿದೆ. ಸಾವಿನ ಗಳಿಗೆಯಲ್ಲೇ ದೂರದ ಬಂಧುವಿಗೆ ಕಾಣಿಸಿಕೊಂಡ ವ್ಯಕ್ತಿಗಳ ವೃತ್ತಾಂತಗಳು ಇದರಲ್ಲಿ ಮುಖ್ಯವಾದವು. ಮರುವರ್ಷ ಸ್ಕಾಟ್ಲೆಂಡಿನ ವಕೀಲ ಟೇಲರ್ ಇನ್ಸ್ ಕೇಳಿದ ಪ್ರಶ್ನೆ ಸರಳವಾಗಿತ್ತು: ದೃಶ್ಯ ಕಂಡೊಡನೆ, ಸಾವಿನ ಸುದ್ದಿ ತಲುಪುವ ಮುನ್ನ, ಯಾರಾದರೂ ಬರೆದ ಪತ್ರ ಎಲ್ಲಿದೆ? ಅಂಚೆ ಮುದ್ರೆಯಿರುವ ಒಂದು ಲಕೋಟೆ ನೂರು ನೆನಪುಗಳಿಗಿಂತ ಗಟ್ಟಿ ಎಂಬುದು ಅವನ ವಾದ. ಗರ್ನಿ ಉತ್ತರವನ್ನೇನೋ ಕೊಟ್ಟ. ಏಳುನೂರಕ್ಕೂ ಮಿಕ್ಕಿದ ಸಂಗ್ರಹಕ್ಕೆ ಅದು ಸಾಲದಾಯಿತು.

ಇದಕ್ಕೆ ಸೊಸೈಟಿ ಕಂಡುಕೊಂಡ ದಾರಿ ಎಣಿಕೆ. 1889ರಲ್ಲಿ ಆರಂಭಿಸಿದ ‘ಭ್ರಮೆಗಳ ಗಣತಿ’ಯಲ್ಲಿ 410 ಸಂಗ್ರಾಹಕರು, ಎಚ್ಚರವಿದ್ದಾಗ ಇಲ್ಲದ್ದನ್ನು ಕಂಡದ್ದು ಅಥವಾ ಕೇಳಿದ್ದು ಉಂಟೇ ಎಂದು 17,000 ಜನರನ್ನು ವಿಚಾರಿಸಿದರು, 1,684 ಮಂದಿ ಹೌದೆಂದರು. 1894ರ ವರದಿ, ಜನ ಮರೆತಿರಬಹುದಾದವನ್ನೂ ಅಂದಾಜಿನಿಂದ ಸೇರಿಸಿ, ಪರಿಚಿತರ ರೂಪ ಕಂಡ ಸುಮಾರು 1,300 ಅನುಭವಗಳನ್ನು ಲೆಕ್ಕಕ್ಕೆ ಹಿಡಿಯಿತು. ಅವುಗಳಲ್ಲಿ 30 ಸಾವಿನೊಡನೆ ಕಾಲದಲ್ಲಿ ಹೊಂದಿದ್ದವು, ಅಂದರೆ 43ಕ್ಕೆ ಒಂದು. ಮರಣ ಪ್ರಮಾಣದ ಪ್ರಕಾರ ಆಕಸ್ಮಿಕವಾಗಿ ಹೊಂದಬಹುದಾದದ್ದು 19,000ಕ್ಕೆ ಒಂದು. ಅಂತರ ಭಾರಿ ಎನಿಸಿದರೂ ಬುನಾದಿ ಮತ್ತೆ ನೆನಪೇ. ಸ್ವಯಂಸೇವಕ ಸಂಗ್ರಾಹಕರು ಕಥೆಯಿರುವವರನ್ನೇ ಹುಡುಕಿ ಹೋಗಿರಲಾರರೇ ಎಂಬ ಸಂಶಯವೂ ಪೂರ್ತಿ ನೀಗಲಿಲ್ಲ.

ಇದೇ ಕಾಲದ ಚೆಲ್ಟನ್‌ಹ್ಯಾಮ್ ಪ್ರಕರಣ (1892ರಲ್ಲಿ ಪ್ರಕಟಿತ) ಗಮನಾರ್ಹ. ‘ಮಿಸ್ ಮಾರ್ಟನ್’ ಎಂಬ ಮಾರುಹೆಸರಿನಲ್ಲಿ ಬರೆದ ರೋಸಿನಾ ಡೆಸ್ಪಾರ್ಡ್ ವೈದ್ಯಕೀಯ ವಿದ್ಯಾರ್ಥಿನಿ. ಕಪ್ಪುಡುಪಿನ ಹೆಂಗಸಿನ ಆಕೃತಿ ಮನೆಯಲ್ಲಿ ಓಡಾಡುತ್ತಿದ್ದಾಗ ಆಕೆ ಮೆಟ್ಟಿಲಿಗೆ ಅಡ್ಡಲಾಗಿ ದಾರ ಕಟ್ಟಿ ಕಾದಳು. ದಾರ ಅಲುಗದೆ ಆಕೃತಿ ದಾಟಿಹೋಯಿತೆಂದು ದಾಖಲಿಸಿದಳು.

ಭಾರತದೊಡನೆ ಸೊಸೈಟಿಯ ನಂಟು ದೆವ್ವದ ಮೂಲಕ ಬಂದದ್ದಲ್ಲ. ಮದರಾಸಿನ ಅಡ್ಯಾರಿನಲ್ಲಿ ಥಿಯಾಸಫಿ ಪಂಥದ ಮೇಡಂ ಬ್ಲಾವಟ್‌ಸ್ಕಿಯ ಪವಾಡಗಳನ್ನು ಪರಿಶೀಲಿಸಲು ಬಂದ ರಿಚರ್ಡ್ ಹಾಡ್ಜ್‌ಸನ್ 1885ರಲ್ಲಿ ಅವು ಮೋಸವೆಂದು ವರದಿ ಮಾಡಿದ. ನೂರು ವರ್ಷದ ನಂತರ, 1986ರಲ್ಲಿ, ಸೊಸೈಟಿಯ ಪತ್ರಿಕೆಯೇ ಆ ವರದಿಯನ್ನು ಕಟುವಾಗಿ ಟೀಕಿಸಿದ ವರ್ನನ್ ಹ್ಯಾರಿಸನ್‌ನ ಲೇಖನವನ್ನು ಅಚ್ಚುಮಾಡಿತು.

ಎಸೆಕ್ಸ್‌ನ ಬೋರ್ಲಿ ಪಾದ್ರಿಮನೆಗೆ 1929ರಲ್ಲಿ ‘ಡೇಲಿ ಮಿರರ್’ ಮೂಲಕ ಪ್ರಸಿದ್ಧಿ ಬಂತು. ದೆವ್ವಶೋಧಕ ಹ್ಯಾರಿ ಪ್ರೈಸ್ 1937ರಲ್ಲಿ ಅದನ್ನು ಒಂದು ವರ್ಷಕ್ಕೆ ಬಾಡಿಗೆಗೆ ಪಡೆದು, ‘ಟೈಮ್ಸ್’ನಲ್ಲಿ ಜಾಹೀರಾತು ಕೊಟ್ಟು, 48 ವೀಕ್ಷಕರನ್ನು ಸರದಿಯ ಮೇಲೆ ಕೂರಿಸಿದ. 1939ರಲ್ಲಿ ಮನೆ ಸುಟ್ಟುಹೋಯಿತು. ಪ್ರೈಸ್ 1948ರಲ್ಲಿ ತೀರಿಕೊಂಡ ಮೇಲೆ ಸೊಸೈಟಿಯ ಸದಸ್ಯರಾದ ಡಿಂಗ್ವಾಲ್, ಗೋಲ್ಡ್ನಿ, ಟ್ರೆವರ್ ಹಾಲ್ 1956ರ ತಮ್ಮ ವರದಿಯಲ್ಲಿ ಅವನ ಪುರಾವೆಗಳನ್ನು ಜರಡಿ ಹಿಡಿದು, ಕೆಲವು ಘಟನೆಗಳು ಅವನದೇ ಕೈವಾಡವಿರಬಹುದೆಂದರು. 1969ರಲ್ಲಿ ರಾಬರ್ಟ್ ಹೇಸ್ಟಿಂಗ್ಸ್ ಪ್ರೈಸ್‌ನ ಪರವಾಗಿ ವಿವರವಾದ ಉತ್ತರ ಬರೆದ. ಆರೋಪ ಸಾಬೀತಾಗಲಿಲ್ಲವೆಂದರೂ ಪ್ರೈಸ್‌ನ ದಾಖಲೆಗಳ ಮೇಲಿನ ನಂಬಿಕೆ ಮತ್ತೆ ಮೊದಲಿನಂತಾಗಲಿಲ್ಲ.

ಸೊಸೈಟಿಯ ಶೋಧಕ ಟೋನಿ ಕಾರ್ನೆಲ್ 1959ರಲ್ಲಿ ಸಾಕ್ಷಿಗಳನ್ನೇ ಪರೀಕ್ಷೆಗೆ ಗುರಿಮಾಡಿದ. ಬಿಳಿಬಟ್ಟೆ ಹೊದ್ದು ಕೇಂಬ್ರಿಜ್‌ನ ಹುಲ್ಲುಗಾವಲಿನಲ್ಲಿ ನಡೆದರೆ ದಾರಿಹೋಕರು ಗಮನಿಸಲೇ ಇಲ್ಲ. ದನಗಳು ಮಾತ್ರ ಹಿಂಬಾಲಿಸಿದವು. ಮರುವರ್ಷ ಚಿತ್ರಮಂದಿರದ ಪರದೆಯ ಮುಂದೆಯೇ ಹಾದುಹೋದಾಗಲೂ ಪ್ರೇಕ್ಷಕರಲ್ಲಿ ಶೇ. 32 ಮಂದಿಗೆ ಅದು ಕಣ್ಣಿಗೆ ಬೀಳಲಿಲ್ಲ. ಕಂಡವರಲ್ಲಿಯೂ ಯಾರೂ ದೆವ್ವವೆನ್ನಲಿಲ್ಲ.

ಈಚಿನ ಶೋಧ ಕಂಡವನ ಮೆದುಳು ಮತ್ತು ಅವನಿರುವ ಕೋಣೆಯ ಕಡೆ ಹೊರಳಿದೆ. 1998ರಲ್ಲಿ ಕವೆಂಟ್ರಿಯ ವಿಕ್ ಟ್ಯಾಂಡಿ, ತನ್ನ ಪ್ರಯೋಗಶಾಲೆಯಲ್ಲಿ ಕಂಡ ಬೂದುಬಣ್ಣದ ಆಕೃತಿಗೆ ಫ್ಯಾನಿನಿಂದ ಏಳುತ್ತಿದ್ದ ಸುಮಾರು 19 ಹರ್ಟ್ಸ್‌ನ, ಕಿವಿಗೆ ಕೇಳದ ಶಬ್ದತರಂಗ ಕಾರಣವಿರಬಹುದೆಂದ. ಕೆನಡಾದ ಮೈಕೆಲ್ ಪರ್ಸಿಂಗರ್ ಇಂಥ ಅನುಭವಗಳಿಗೆ ಕಾಂತಕ್ಷೇತ್ರಗಳು ಕಾರಣವೆಂದ. ಅವನ ಪ್ರಯೋಗವನ್ನು ಸ್ವೀಡನ್ನಿನ ಉಪ್ಸಲಾದಲ್ಲಿ ಮತ್ತೆ ನಡೆಸಿ 2005ರಲ್ಲಿ ಪ್ರಕಟಿಸಿದವರಿಗೆ ಅದೇ ಫಲ ದೊರೆಯಲಿಲ್ಲ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್‌ನ ಕ್ರಿಸ್ ಫ್ರೆಂಚ್ ತಂಡ ಇವೆರಡನ್ನೂ ಅಳವಡಿಸಿದ ಕೋಣೆಯಲ್ಲಿ 79 ಮಂದಿಯನ್ನು ಒಬ್ಬೊಬ್ಬರಾಗಿ ಬಿಟ್ಟು ನೋಡಿತು. ಹಲವರಿಗೆ ವಿಚಿತ್ರ ಅನುಭವಗಳಾದವು, ಆದರೆ ತರಂಗ ಅಥವಾ ಕಾಂತಕ್ಷೇತ್ರ ಇದ್ದುದಕ್ಕೂ ಇಲ್ಲದ್ದಕ್ಕೂ ಅವು ತಾಳೆಯಾಗಲಿಲ್ಲ. ಏನೋ ಆಗಬಹುದೆಂಬ ನಿರೀಕ್ಷೆಯೇ ಸಾಕಾಗಿರಬಹುದೆಂದು ತಂಡ ಬರೆಯಿತು. ‘ಕಿವಿಗೆ ಕೇಳದ ಶಬ್ದವೇ ದೆವ್ವ’ ಎಂಬ ಪತ್ರಿಕಾ ವಿವರಣೆ ಹೀಗಾಗಿ ಇನ್ನೂ ಊಹೆಯ ಹಂತದಲ್ಲೇ ಇದೆ.

ಸೊಸೈಟಿ ಸಂಸ್ಥೆಯಾಗಿ ಯಾವ ಅಭಿಪ್ರಾಯವನ್ನೂ ತಳೆಯುವುದಿಲ್ಲ. ಅದರ ಹಳೆಯ ಕಾಗದಪತ್ರಗಳು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಯೂ ಪ್ರೈಸ್‌ನ ಸಂಗ್ರಹ ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಗ್ರಂಥಾಲಯದಲ್ಲಿಯೂ ಇವೆ. ಬೋರ್ಲಿಯ ಬಗ್ಗೆ ತಿಳಿಯಬಯಸುವವರು 1956ರ ವರದಿಯನ್ನು 1969ರ ಉತ್ತರದ ಜೊತೆಗೇ ಇಟ್ಟುಕೊಂಡು ಓದುವುದು ಒಳಿತು.