ಪಹಣಿಗೆ ಬಂದ ಸ್ಪರ್ಶಪರದೆ

ಮಾಲೂರು ತಾಲ್ಲೂಕಿನಲ್ಲಿ ಕಸಬಾ, ಟೇಕಲ್, ಲಕ್ಕೂರು, ಮಾಸ್ತಿ ಎಂದು ನಾಲ್ಕು ಹೋಬಳಿಗಳಿವೆ. ಶ್ರೀನಿವಾಸಪುರದಲ್ಲಿ ಐದು, ಮುಳಬಾಗಿಲಿನಲ್ಲಿ ಐದು, ಕೋಲಾರದಲ್ಲಿ ಇನ್ನೂ ಒಂದೆರಡು ಹೆಚ್ಚು. ಗಣಕದ ಪರದೆಯ ಮೇಲೆ ಇವುಗಳ ಹೆಸರನ್ನು ದೊಡ್ಡ ದೊಡ್ಡ ಚೌಕಗಳಲ್ಲಿ ಬರೆದರೆ, ಕೀಲಿಮಣೆಯನ್ನು ಎಂದೂ ಮುಟ್ಟದ ರೈತನೂ ತನ್ನ ಹೋಬಳಿಯನ್ನು ಬೆರಳಿನಿಂದ ಒತ್ತಿ ಆರಿಸಬಹುದು. ಮುಂದಿನ ಪರದೆಯಲ್ಲಿ ಹಳ್ಳಿ, ಅದರ ಮುಂದೆ ಸರ್ವೆ ನಂಬರ್, ಕೊನೆಗೆ ಪಹಣಿ!

ಇದು ಬರಿಯ ಕಲ್ಪನೆಯಲ್ಲ. ಕರ್ನಾಟಕದ 'ಭೂಮಿ' ಯೋಜನೆ 2001ರಲ್ಲಿ ಆರಂಭವಾದಾಗ ಕೆಲವು ತಾಲ್ಲೂಕು ಕಚೇರಿಗಳಲ್ಲಿ ಪ್ರಾಯೋಗಿಕವಾಗಿ ಸ್ಪರ್ಶಪರದೆಯ ಗಣಕಗಳನ್ನು ಇಟ್ಟಿದ್ದರು. ಅದಕ್ಕೆ ಮುಂಚೆ ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿ. ಪ್ರತಿ ಬೇಕೆಂದರೆ ಅವರನ್ನು ಹುಡುಕಿಕೊಂಡು ಅಲೆಯಬೇಕು. ಕೈ ಬೆಚ್ಚಗೆ ಮಾಡಬೇಕಾದದ್ದೂ ಉಂಟು. ತನ್ನದೇ ಜಮೀನಿನ ದಾಖಲೆಯಲ್ಲಿ ಏನು ಬರೆದಿದೆ ಎಂಬುದನ್ನು ರೈತ ಇನ್ನೊಬ್ಬರ ಬಾಯಿಂದ ಕೇಳಬೇಕಾಗಿತ್ತು. ರಾಷ್ಟ್ರೀಯ ಮಾಹಿತಿ ಕೇಂದ್ರ ತಯಾರಿಸಿದ ತಂತ್ರಾಂಶದ ಮೂಲಕ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ದೊರೆಯುವಂತಾಯಿತು. ಅಲ್ಲಿ ಸಿಬ್ಬಂದಿಯ ಮುಂದೆ ಒಂದು ಪರದೆ, ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ. ಈ ಎರಡನೆಯದು ನೋಡಲು ಮಾತ್ರ. ಮುಟ್ಟಿ ನಡೆಸುವ ಪರದೆ ಅದರಿಂದ ಮುಂದಿನ ಹೆಜ್ಜೆ.

ಈ ಹೆಜ್ಜೆಯ ಮೂಲ ಹುಡುಕಿದರೆ ನಾವು ಬಂದು ನಿಲ್ಲುವುದು ಭೌತವಿಜ್ಞಾನದ ಅಂಗಳದಲ್ಲಿ. 1965ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನ ರೇಡಾರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಇ.ಎ. ಜಾನ್ಸನ್ ಸ್ಪರ್ಶಪರದೆಯ ವಿವರವನ್ನು ಮೊದಲು ಪ್ರಕಟಿಸಿದರು. ವಿಮಾನ ಸಂಚಾರ ನಿಯಂತ್ರಣ ಅವರ ಗಮನದಲ್ಲಿತ್ತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸುಮಾರು 7 ಕಿಲೋಮೀಟರ್ ಸುತ್ತಳತೆಯ ಕಣವೇಗೋತ್ಕರ್ಷಕ ಕಟ್ಟುವಾಗ ಬೇರೆಯೇ ಸಮಸ್ಯೆ ಎದುರಾಯಿತು. ಅಷ್ಟು ದೊಡ್ಡ ಯಂತ್ರದ ಪ್ರತಿಯೊಂದು ಭಾಗಕ್ಕೂ ಗುಂಡಿ, ತಿರುಗಣೆ ಇಟ್ಟರೆ ನಿಯಂತ್ರಣ ಕೊಠಡಿಯಲ್ಲಿ ಜಾಗವೇ ಸಾಲದು. 1972ರಲ್ಲಿ ಬೆಂಟ್ ಸ್ಟಂಪ್ ಸೂಚಿಸಿದ ಪರಿಹಾರವೆಂದರೆ, ಗಾಜಿನ ಮೇಲೆ ತೆಳು ತಾಮ್ರದ ಗೆರೆಗಳಿಂದ ಮಾಡಿದ 16 ಸ್ಪರ್ಶಗುಂಡಿಗಳು. ಗುಂಡಿಯ ಜಾಗ ಅದೇ, ಹಿಂದೆ ಮೂಡುವ ಹೆಸರು ಮಾತ್ರ ಬದಲಾಗುತ್ತದೆ. ಆ ಹೊತ್ತಿಗೆ ಬೇಡದ ಗುಂಡಿ ಪರದೆಯ ಮೇಲೇ ಇರುವುದಿಲ್ಲವಾದ್ದರಿಂದ ತಪ್ಪು ಗುಂಡಿ ಒತ್ತುವ ಸಂಭವವೂ ಕಡಿಮೆ. ಹೋಬಳಿ, ಹಳ್ಳಿ, ಸರ್ವೆ ನಂಬರ್ ಎಂದು ಮೆಟ್ಟಿಲಿಳಿಯುವ ಪಹಣಿಯ ಹುಡುಕಾಟಕ್ಕೆ ಇದಕ್ಕಿಂತ ಹೊಂದುವ ಉಪಾಯವಿಲ್ಲ. ಸರ್ವೆ ನಂಬರಿಗೆ ಬೇಕಾದದ್ದು ಹತ್ತು ಅಂಕಿ, ಅಳಿಸು, ಮುಂದೆ, ಹಿಂದೆ. ಒಟ್ಟು ಹದಿಮೂರು ಗುಂಡಿಗಳು!

ಇನ್ನೊಬ್ಬ ಭೌತವಿಜ್ಞಾನಿ ಸ್ಯಾಮ್ ಹರ್ಸ್ಟ್. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿದ್ದಾಗ ನಕ್ಷೆ ಹಾಳೆಗಳಿಂದ ಅಳತೆಗಳನ್ನು ಓದುವ ಬೇಸರದ ಕೆಲಸ ತಪ್ಪಿಸಲು ಅವರು ವಿದ್ಯುದ್ವಾಹಕ ಹಾಳೆಯನ್ನು ಬಳಸಿದರು. 1971ರಲ್ಲಿ ಅದಕ್ಕಾಗಿ ಕಂಪನಿ ತೆರೆದರು. ಕೆಲವೇ ವರ್ಷಗಳಲ್ಲಿ ಅದು ಪಾರದರ್ಶಕ ಪರದೆಯಾಯಿತು. ಪಿಯುಸಿ ಪ್ರಯೋಗಶಾಲೆಯ ಪೊಟೆನ್ಶಿಯೋಮೀಟರ್ ನೆನಪಿದೆಯೇ? ಉದ್ದನೆಯ ತಂತಿಯ ಎರಡು ತುದಿಗೆ ಬ್ಯಾಟರಿ ಜೋಡಿಸಿ ನಡುವೆ ಎಲ್ಲಿ ಮುಟ್ಟಿದರೂ, ದೊರೆಯುವ ವಿಭವ ಆ ಜಾಗದ ದೂರವನ್ನು ಹೇಳುತ್ತದೆ. ರೋಧಕ ಸ್ಪರ್ಶಪರದೆ ಎಂದರೆ ಅಡ್ಡಕ್ಕೂ ಉದ್ದಕ್ಕೂ ಹಾಸಿದ ಪೊಟೆನ್ಶಿಯೋಮೀಟರ್. ಎರಡು ಪಾರದರ್ಶಕ ವಾಹಕ ಪದರಗಳು ಬೆರಳ ಒತ್ತಡಕ್ಕೆ ಒಂದನ್ನೊಂದು ತಾಗುತ್ತವೆ, ಅಷ್ಟೆ. ಬೇಕಾದದ್ದು ಒತ್ತಡ ಮಾತ್ರ. ಬೆರಳಿಗೆ ಹೊಲದ ಮಣ್ಣು ಮೆತ್ತಿದ್ದರೂ ಅದು ಕೆಲಸ ಮಾಡುತ್ತದೆ. ಇಂದಿನ ಮೊಬೈಲುಗಳ ಧಾರಕ ಪರದೆಗೆ ಹಾಗಲ್ಲ, ಬೆರಳಿನ ವಾಹಕತೆಯೇ ಬೇಕು.

ಇಂಥ ಪರದೆಯನ್ನು ಮೇಜುಗಣಕಕ್ಕೆ ಜೋಡಿಸಲು ಎರಡು ಕೇಬಲ್ ಬೇಕೆಂಬುದನ್ನು ಬಹಳ ಜನ ಮರೆಯುತ್ತಾರೆ. ಒಂದು, ಗಣಕದಿಂದ ಪರದೆಗೆ ಚಿತ್ರ ಒಯ್ಯುವುದು. ಇನ್ನೊಂದು, ಪರದೆಯಿಂದ ಗಣಕಕ್ಕೆ ಬೆರಳಿನ ಜಾಗದ ಸುದ್ದಿ ತರುವುದು. ಇದು ಮೊದಲು ಸೀರಿಯಲ್ ಕಿಂಡಿಗೆ ಹೋಗುತ್ತಿತ್ತು, ಅನಂತರ ಯುಎಸ್‌ಬಿಗೆ. ಗಣಕಕ್ಕೆ ಎರಡು ಪರದೆಗಳಿದ್ದರೆ ಮುಟ್ಟಿದ್ದು ಯಾವುದನ್ನು ಎಂದೂ ತಿಳಿಸಬೇಕು. ಇಲ್ಲವಾದರೆ ಇಲ್ಲಿ ಒತ್ತಿದ್ದಕ್ಕೆ ಅಲ್ಲಿ ಬಾಣ ಓಡುತ್ತದೆ! ಚಿತ್ರಕ್ಕೂ ಸ್ಪರ್ಶಕ್ಕೂ ತಾಳೆ ತಪ್ಪಿದರೂ ಅಪಾಯವೇ. 15 ಅಂಗುಲದ ಪರದೆಯ ಅಗಲ ಸುಮಾರು 30 ಸೆಂಟಿಮೀಟರ್. ಅದನ್ನು 1024 ಭಾಗ ಮಾಡಿದರೆ ಒಂದೊಂದೂ 0.3 ಮಿಲಿಮೀಟರ್. ಪರದೆ ಇಷ್ಟು ಸೂಕ್ಷ್ಮ, ಆದರೆ ಬೆರಳ ತುದಿಯೇ ಒಂದು ಸೆಂಟಿಮೀಟರ್ ಅಗಲ. ಗುಂಡಿ ಚಿಕ್ಕದಾದರೆ ಪಕ್ಕದವನ ಪಹಣಿ ಎದುರಿಗೆ ಬಂದೀತು.

1983ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ತನ್ನ ಎಚ್‌ಪಿ-150 ಮೇಜುಗಣಕಕ್ಕೆ ಅವಕೆಂಪು ಕಿರಣಗಳ ಸ್ಪರ್ಶಪರದೆ ಕೊಟ್ಟಿತು. ಆದರೂ ಮೇಜಿನ ಮೇಲೆ ಮೌಸೇ ಗೆದ್ದಿತು. ಕಾರಣ ಸನ್ನೆಯ ತತ್ತ್ವ. 3 ಕಿಲೋಗ್ರಾಂ ತೂಗುವ ತೋಳನ್ನು ಮುಂದಕ್ಕೆ ಚಾಚಿದಾಗ ಅದರ ಗುರುತ್ವಕೇಂದ್ರ ಭುಜದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿರುತ್ತದೆ. ಭುಜ ಹೊರಬೇಕಾದದ್ದು ಹತ್ತಿರ ಹತ್ತಿರ 9 ನ್ಯೂಟನ್-ಮೀಟರ್ ಭ್ರಾಮಕ. ದಿನವಿಡೀ ಇದು ಆಗದ ಮಾತು. ಎರಡು ನಿಮಿಷ ಪಹಣಿ ನೋಡುವವನಿಗೆ ಇದು ತೊಂದರೆಯೇ ಅಲ್ಲ. ಹೀಗಾಗಿ ಕಚೇರಿಯ ಸಿಬ್ಬಂದಿಗಿಂತ ಹೊರಗೆ ನಿಂತ ರೈತನಿಗೇ ಈ ಸಾಧನ ಹೆಚ್ಚು ಸರಿ ಎಂದು ನನ್ನ ಅಭಿಪ್ರಾಯ.

ಆದರೆ ಓದಲು ಬಾರದವರ ಗತಿ? ಮುಳಬಾಗಿಲು, ಶ್ರೀನಿವಾಸಪುರಗಳ ಗಡಿಹಳ್ಳಿಗಳಲ್ಲಿ ಅನೇಕರ ಮನೆಮಾತು ತೆಲುಗು, ಪಹಣಿ ಕನ್ನಡದ್ದು. ಬೆರಳು ಮುಟ್ಟಿದರೂ ಕಣ್ಣು ಓದಬೇಕಲ್ಲ? ಇಂಥವರನ್ನು 'ಹೆಬ್ಬೆಟ್ಟು' ಎಂದು ಹಗುರವಾಗಿ ಕರೆಯುವುದುಂಟು. ಭೂಮಿ ಯೋಜನೆಯಲ್ಲಿ ಬೆರಳಚ್ಚು ಒತ್ತದೆ ಗಣಕದೊಳಕ್ಕೆ ಪ್ರವೇಶವಿಲ್ಲದಿದ್ದದ್ದು ಮಾತ್ರ ರೈತನಿಗಲ್ಲ, ಅಧಿಕಾರಿಗಳಿಗೆ! ದಾಖಲೆ ತಿದ್ದಿದವರು ಯಾರೆಂದು ತಿಳಿಯಲು ಮಾಡಿದ ಏರ್ಪಾಡು ಅದು.

ಈಗ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ಅಲ್ಲೂ ಬೆರಳು ಇಳಿಯುವ ಮೆಟ್ಟಿಲುಗಳು ಅವೇ: ಜಿಲ್ಲೆ, ತಾಲ್ಲೂಕು, ಹೋಬಳಿ, ಹಳ್ಳಿ, ಸರ್ವೆ ನಂಬರ್, ಹಿಸ್ಸಾ.