ಕೆಂಪಿನ ಆಚೆಯ ಬೆಳಕು

ನಮ್ಮ ಮನೆಯಲ್ಲಿ ಜೈಮಿನಿ ಭಾರತದ ಹಳೆಯ ತಾಳೆಗರಿಯ ಕಟ್ಟೊಂದಿದೆ. ಅದರ ಕಡೆಯ ಗರಿಯಲ್ಲಿ ಲಿಪಿಕಾರನ ಹೆಸರು, ಕಾಲ ಇದ್ದಿರಬೇಕು. ಆದರೆ ವಯಸ್ಸಿಗೆ ಗರಿ ಕಂದಿ, ಅಕ್ಷರಕ್ಕೂ ಎಲೆಗೂ ಭೇದವಿಲ್ಲದಂತಾಗಿದೆ. ಬಾಳೆಲ್ಲ ಹಳಗನ್ನಡ ಪಾಠ ಹೇಳಿದವನಿಗೆ ಇದು ಸಣ್ಣ ಸಂಕಟವಲ್ಲ. ಆ ಸಂಕಟವೇ ನನ್ನನ್ನು ಕಣ್ಣಿಗೆ ಕಾಣದ ಒಂದು ಬೆಳಕಿನ ಚರಿತ್ರೆಯತ್ತ ಎಳೆಯಿತು.

ಆ ಬೆಳಕನ್ನು 1800ರಲ್ಲಿ ಮೊದಲು ಗುರುತಿಸಿದವನು ವಿಲಿಯಂ ಹರ್ಷೆಲ್. ಹ್ಯಾನೋವರಿನಿಂದ ಇಂಗ್ಲೆಂಡಿಗೆ ಸಂಗೀತಗಾರನಾಗಿ ಬಂದು, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡವನು ಈತನೇ. ಸೂರ್ಯನನ್ನು ಬಣ್ಣದ ಗಾಜುಗಳ ಮೂಲಕ ನೋಡುವಾಗ, ಗಾಜಿನಿಂದ ಗಾಜಿಗೆ ಬಿಸಿಯ ಅನುಭವ ಬೇರೆಯಾಗುವುದನ್ನು ಗಮನಿಸಿದ. ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಒಂದೊಂದರಲ್ಲೂ ಉಷ್ಣಮಾಪಕವನ್ನಿಟ್ಟ. ಕೆಂಪಿನ ಅಂಚನ್ನು ದಾಟಿ, ಏನೂ ಕಾಣದ ಕಡೆ ಇಟ್ಟಾಗ ಪಾದರಸ ಇನ್ನೂ ಮೇಲೇರಿತು! ಆ ಕಿರಣಗಳನ್ನೇ ನಾವಿಂದು ಅವಕೆಂಪು ಎನ್ನುತ್ತೇವೆ.

ಅದರ ಚಿತ್ರ ತೆಗೆಯಲು ಮಾತ್ರ ಬಹುಕಾಲ ಕಾಯಬೇಕಾಯಿತು. ಮೊದಮೊದಲ ಛಾಯಾಫಲಕಗಳು ನೀಲಿಗೆ ಚುರುಕು, ಕೆಂಪಿಗೇ ಕುರುಡು. ಫಲಕಕ್ಕೆ ತಕ್ಕ ಬಣ್ಣ ಬೆರೆಸಿದರೆ ಅದರ ದೃಷ್ಟಿ ವಿಸ್ತರಿಸುತ್ತದೆಂದು 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ತೋರಿಸಿದ. 1910ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಪ್ರಕಟಿಸಿದ ಚಿತ್ರಗಳಲ್ಲಿ ಮರಗಳು ಹಿಮ ಸುರಿದಂತೆ ಬೆಳ್ಳಗಿದ್ದವು, ಹಗಲಿನ ಆಕಾಶ ಕಪ್ಪಾಗಿತ್ತು. ಎಲೆಯ ಪತ್ರಹರಿತ್ತು ಈ ಬೆಳಕನ್ನು ತಡೆಯದು. ಒಳಗಿನ ಜೀವಕೋಶಗಳು ಅದನ್ನು ಚದುರಿಸಿ ಹೊರಗೆ ಕಳಿಸುತ್ತವೆ. ಇದಕ್ಕೆ 'ವುಡ್ ಪರಿಣಾಮ'ವೆಂದು ಹೆಸರು. ಕಾಡೆಂಬ ಅರ್ಥದ ಇಂಗ್ಲಿಷ್ ಪದಕ್ಕೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಹಸಿರು ಬಣ್ಣ ಬಳಿದ ಮರೆಗಳನ್ನು ನಿಜವಾದ ಎಲೆಗಳಿಂದ ಬೇರ್ಪಡಿಸಲು ಈ ವಿದ್ಯೆ ನೆರವಾಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1950ರ ದಶಕದಲ್ಲಿ ಜೆರುಸಲೇಮಿನಲ್ಲಿ ನಜೀಬ್ ಅಲ್ಬೀನಾ ಮಾಡಿದ ಕೆಲಸ. ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಎರಡು ಸಾವಿರ ವರ್ಷದ ತೊಗಲಿನ ಚೂರುಗಳನ್ನು ಆತ ಅವಕೆಂಪಿನಲ್ಲಿ ಚಿತ್ರಿಸಿದ. ಕಪ್ಪಾಗಿದ್ದ ತೊಗಲು ತಿಳಿಯಾಗಿ, ಇಂಗಾಲದ ಮಸಿಯ ಬರಹ ಎದ್ದು ಬಂತು.

ನಮ್ಮ ಗರಿಗಳ ಮಸಿಯೂ ಇಂಗಾಲವೇ ಅಲ್ಲವೆ? ಕಂಠದಿಂದ ಕೊರೆದು, ಮೇಲೆ ಕಾಡಿಗೆ ತೀಡಿದ ಅಕ್ಷರಗಳವು. ಮೊಮ್ಮಗಳ ಡಿಜಿಟಲ್ ಕ್ಯಾಮರಾವನ್ನು ಎರವಲು ಪಡೆದೆ. ಅದರ ಸಿಲಿಕಾನ್ ಫಲಕಕ್ಕೆ ಅವಕೆಂಪು ಕಾಣುವ ಶಕ್ತಿ ಹುಟ್ಟಿನಿಂದಲೇ ಇದೆ. ಸಹಜ ಬಣ್ಣಗಳು ಕೆಡಬಾರದೆಂದು ತಯಾರಕರು ಒಳಗೊಂದು ತಡೆಗಾಜು ಕೂರಿಸಿರುತ್ತಾರೆ. ಟಿ.ವಿ. ರಿಮೋಟಿನ ಮೂತಿಯನ್ನು ಕ್ಯಾಮರಾದಲ್ಲಿ ನೋಡುತ್ತ ಗುಂಡಿ ಒತ್ತಿದೆವು. ಮಂಕಾದ ಮಿಣುಕು ಕಂಡಿತು. ತಡೆಗಾಜು ಪೂರ್ತಿ ಬಿಗಿಯಲ್ಲವೆಂದಾಯಿತು. ಕಾಣುವ ಬೆಳಕನ್ನೆಲ್ಲ ಬಹುಮಟ್ಟಿಗೆ ತಡೆಯುವ, 720 ನ್ಯಾನೊಮೀಟರಿನ ಫಿಲ್ಟರ್ ತರಿಸಿದೆ. ಅದನ್ನು ಹಾಕಿದರೆ ಕಣ್ಣಿಗೆ ಏನೂ ತೋರದು. ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಿ, ಫೋಕಸ್ ಮಾಡಿ, ಆಮೇಲೆ ಫಿಲ್ಟರ್ ತೊಡಿಸಿ, 15 ಸೆಕೆಂಡು ಅಲುಗದಂತೆ ಕಾಯಬೇಕು. ಹಿತ್ತಲ ಹೊಂಗೆಯ ಮರ ಬೆಳ್ಳಗೆ ಬಂತು, ಆದರೆ ಕಲಸಿದಂತಿತ್ತು. "ತಾತ, ಮೊದಲು ಗಾಳಿಗೆ ಸುಮ್ಮನಿರಕ್ಕೆ ಹೇಳಿ" ಎಂದಳು ಮೊಮ್ಮಗಳು.

ಗರಿ ಅಲುಗಲಿಲ್ಲ. ಕಿಟಕಿಯ ಬಿಸಿಲಿನಲ್ಲಿಟ್ಟು ತೆಗೆದ ಚಿತ್ರದಲ್ಲಿ ಕಂದು ಬಣ್ಣ ಹಿಂಜರಿದು, 'ಪ್ಲವ ಸಂವತ್ಸರದ ಶ್ರಾವಣ' ಎಂಬಷ್ಟು ಸ್ಪಷ್ಟವಾಯಿತು. ಪ್ಲವ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ; ಶತಮಾನ ಯಾವುದೋ! ಲಿಪಿಕಾರನ ಹೆಸರಿದ್ದ ಕಡೆ ಕಾಡಿಗೆಯೇ ಉದುರಿಹೋಗಿದ್ದುದರಿಂದ ಅಲ್ಲಿ ಈ ಬೆಳಕಿಗೂ ಕೆಲಸವಿರಲಿಲ್ಲ.

ಆದರೂ ಹಿಗ್ಗಿನಲ್ಲಿ, ನಮ್ಮ ತಂದೆಯವರು ನೀಲಿ ಶಾಯಿಯಲ್ಲಿ ಬರೆದಿದ್ದ ಕಾಗದವೊಂದನ್ನು ಅದೇ ಜಾಗದಲ್ಲಿಟ್ಟು ಚಿತ್ರ ತೆಗೆದೆ. ಬಂದದ್ದು ಖಾಲಿ ಹಾಳೆ. ಆ ಶಾಯಿಯ ಬಣ್ಣ ಅವಕೆಂಪಿಗೆ ಗಾಜಿನಂತೆ ಪಾರದರ್ಶಕವೆಂದು ಓದಿ ತಿಳಿದಿದ್ದೆ. ತಿಳಿದಿದ್ದೂ ಎದೆ ಝಲ್ಲೆಂದಿತು. ಕಾಗದವನ್ನು ಕೈಗೆತ್ತಿಕೊಂಡು, ಅಕ್ಷರಗಳು ಅಲ್ಲಿಯೇ ಇವೆಯೆ ಎಂದು ಬರಿಗಣ್ಣಿನಿಂದ ಮತ್ತೊಮ್ಮೆ ನೋಡಿಕೊಂಡೆ.