ನಮ್ಮ ಜಿಲ್ಲೆಯ ಸಿದ್ದಿಯರು: ಅವರ ಚರಿತ್ರೆಯೂ ನಮ್ಮ ಶಾಲೆಗಳೂ

ಉತ್ತರ ಕನ್ನಡ ಜಿಲ್ಲೆಯ ಇತಿಹಾಸವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಹೊಳೆಯುವವು ಬನವಾಸಿಯ ಕದಂಬರು, ಗೇರುಸೊಪ್ಪೆಯ ಚೆನ್ನಭೈರಾದೇವಿ, ಮಿರ್ಜಾನದ ಕೋಟೆ, ಭಟ್ಕಳದ ಬಂದರು, ೧೯೩೦ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ. ಇವೆಲ್ಲವೂ ಹೆಮ್ಮೆಪಡತಕ್ಕ ಸಂಗತಿಗಳೇ ಸರಿ. ಆದರೆ ಇದೇ ಜಿಲ್ಲೆಯ ಘಟ್ಟದ ಮೇಲಣ ಕಾಡುಗಳಲ್ಲಿ ತಲೆತಲಾಂತರದಿಂದ ನಮ್ಮೊಡನೆ ಬಾಳಿಬಂದಿರುವ ಒಂದು ಜನಾಂಗದ ಚರಿತ್ರೆಯು ಈ ಸಾಲಿನಲ್ಲಿ ಸೇರುವುದು ಅಪರೂಪ. ಆ ಜನಾಂಗದವರೇ ಸಿದ್ದಿಯರು. ಅವರ ಪೂರ್ವಿಕರು ಆಫ್ರಿಕಾ ಖಂಡದವರೆಂಬುದನ್ನು ಎಲ್ಲರೂ ಬಲ್ಲರು; ಅವರು ಹೇಗೆ ಬಂದರು, ಏತಕ್ಕೆ ಬಂದರು, ಬಂದ ಮೇಲೆ ಏನಾದರು ಎಂಬುದನ್ನು ಬಲ್ಲವರು ವಿರಳ. ಈ ಅರಿವಿನ ಕೊರತೆಯಿಂದ ಯಾರಿಗೆ ನಷ್ಟವಾಗಿದೆ, ಅದನ್ನು ನೀಗುವ ಬಗೆ ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಿದ್ದಿಯರು ನಮ್ಮ ಜಿಲ್ಲೆಯಲ್ಲಿ ಮುಖ್ಯವಾಗಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಶಿರಸಿ ಮತ್ತು ಜೋಯಿಡಾ ತಾಲೂಕುಗಳಲ್ಲಿ ನೆಲೆಸಿರುವರು. ನೆರೆಯ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿಯೂ ಅವರ ವಸತಿಗಳುಂಟು. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರ ಸಂಖ್ಯೆ ೧೦,೪೭೭. ಅವರಲ್ಲಿ ಹಿಂದುಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮನೆಯಲ್ಲಿ ಹಲವರು ಕೊಂಕಣಿಯನ್ನೂ ಕೆಲವರು ಉರ್ದುವನ್ನೂ ಆಡುವರು, ಹೊರಗೆ ಕನ್ನಡ. ಮತ ಮೂರಾದರೂ ಹಿರಿಯರ ಪೂಜೆಯೂ ಒಂದೇ ಮೂಲದವರೆಂಬ ಭಾವನೆಯೂ ಅವರನ್ನು ಒಂದಾಗಿ ಕಟ್ಟಿರುವುವು.

ಮೊದಲು ಹೆಸರನ್ನೇ ನೋಡೋಣ. 'ಸಿದ್ದಿ' ಎಂಬುದು ಅರಬ್ಬೀ ಭಾಷೆಯ 'ಸೈಯಿದಿ' ಎಂಬ ಗೌರವವಾಚಕದಿಂದ ಬಂದುದೆಂದು ವಿದ್ವಾಂಸರಲ್ಲಿ ಅನೇಕರ ಮತ. ಅದರ ಅರ್ಥ 'ನನ್ನ ಒಡೆಯ' ಎಂದು. 'ಹಬಸಿ' ಎಂಬ ಇನ್ನೊಂದು ಹೆಸರು ಹಬಶ ದೇಶವನ್ನು, ಅಂದರೆ ಅಬಿಸೀನಿಯವನ್ನು, ಸೂಚಿಸುವುದು. ಒಡೆಯನೆಂಬ ಅರ್ಥವುಳ್ಳ ಶಬ್ದವು ಬಹುಕಾಲ ಆಳುಗಳಾಗಿದ್ದವರ ಹೆಸರಾಗಿ ಉಳಿದುದು ವಿಧಿಯ ವಿನೋದವೆನ್ನಬೇಕು.

ಕರಾವಳಿಯ ನಾವು ಈ ಚರಿತ್ರೆಯನ್ನು ಘಟ್ಟದ ಮೇಲಿನವರ ವಿಷಯವೆಂದು ಬದಿಗಿಡುವಂತಿಲ್ಲ. ಹೊಳನಗದ್ದೆ, ಕುಮಟೆ, ಹೊನ್ನಾವರ, ಭಟ್ಕಳಗಳ ದಂಡೆಯನ್ನು ತೊಳೆಯುವ ಅರಬ್ಬೀ ಸಮುದ್ರದ ಆಚೆಯ ದಡದಲ್ಲಿಯೇ ಆಫ್ರಿಕಾ ಖಂಡವಿದೆ. ಮಳೆಗಾಲದ ಗಾಳಿಯು ನೈರುತ್ಯದಿಂದ ಬೀಸುವಾಗ ಆ ದಡದ ಹಡಗುಗಳು ಇತ್ತ ಬರುವುದೂ, ಗಾಳಿ ತಿರುಗಿದಾಗ ಇತ್ತಣವು ಅತ್ತ ಹೋಗುವುದೂ ಸಾವಿರಾರು ವರ್ಷಗಳ ರೂಢಿ. ಮೊರೊಕ್ಕೊ ದೇಶದ ಪ್ರವಾಸಿ ಇಬನ್ ಬತೂತನು ೧೩೪೨ರ ಸುಮಾರಿಗೆ ಗುಜರಾತದ ಗಂಧಾರ ಬಂದರಿನಲ್ಲಿ ಹಡಗು ಹತ್ತಿದಾಗ, ಅದರಲ್ಲಿ ಕಾವಲಿಗಾಗಿ ಐವತ್ತು ಮಂದಿ ಹಬಸಿ ಯೋಧರಿದ್ದರೆಂದು ಬರೆದಿರುವನು. ಆ ಕಡಲಿನಲ್ಲಿ ಹಡಗುಗಳ ಸುರಕ್ಷತೆಗೆ ಅವರೇ ಹೊಣೆಯೆಂದೂ, ಒಬ್ಬ ಹಬಸಿಯಿದ್ದರೂ ಕಡಲುಗಳ್ಳರು ಆ ಹಡಗಿನ ಹತ್ತಿರ ಸುಳಿಯುತ್ತಿರಲಿಲ್ಲವೆಂದೂ ಆತನ ಹೇಳಿಕೆ. ಆ ಪಯಣದಲ್ಲಿಯೇ ಆತನು ಗೋವೆಯನ್ನು ದಾಟಿ ನಮ್ಮ ಹೊನ್ನಾವರಕ್ಕೆ ಬಂದಿಳಿದನು. ಅಲ್ಲಿ ಹುಡುಗರಿಗೆ ೨೩, ಹುಡುಗಿಯರಿಗೆ ೧೩ ಶಾಲೆಗಳಿದ್ದುವೆಂದು ಆತನು ಬರೆದುದನ್ನು ನಾವು ಅಭಿಮಾನದಿಂದ ಉದಾಹರಿಸುತ್ತೇವೆ. ಅದೇ ಗ್ರಂಥದಲ್ಲಿ, ಕೆಲವೇ ಪುಟಗಳ ಹಿಂದೆ, ಹಬಸಿ ಯೋಧರ ಮಾತಿರುವುದನ್ನು ಮಾತ್ರ ಮರೆಯುತ್ತೇವೆ.

ದಖ್ಖಣದ ಸುಲ್ತಾನರ ಕಾಲಕ್ಕೆ ಬಂದರೆ, ಗುಲಾಮರಾಗಿ ಬಂದ ಆಫ್ರಿಕದವರು ಸೇನಾಪತಿಗಳೂ ಮಂತ್ರಿಗಳೂ ಆದುದನ್ನು ಕಾಣುವೆವು. ವಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ಬಾಲಕನಾಗಿದ್ದಾಗ, ೧೫೮೨ರಿಂದ ಕೆಲವು ವರ್ಷಗಳ ಕಾಲ ರಾಜ್ಯದ ಸೂತ್ರಗಳನ್ನು ಹಿಡಿದವನು ದಿಲಾವರಖಾನನೆಂಬ ಹಬಸಿ. ಮುಂದೆ ಮಹಮ್ಮದ ಆದಿಲಶಾಹನ ಆಳಿಕೆಯಲ್ಲಿ ಇಖ್ಲಾಸಖಾನನೆಂಬ ಹಬಸಿಯು ದೊಡ್ಡ ಅಧಿಕಾರದಲ್ಲಿದ್ದನು. ಅವನ ಚಿತ್ರಗಳು ಇಂದಿಗೂ ಉಳಿದಿವೆ. ಎಲ್ಲರಿಗಿಂತ ಪ್ರಸಿದ್ಧನಾದವನು ಮಲಿಕ್ ಅಂಬರನು. ಅಬಿಸೀನಿಯದಲ್ಲಿ ೧೫೪೮ರ ಸುಮಾರಿಗೆ ಹುಟ್ಟಿ, ಎಳೆತನದಲ್ಲಿಯೇ ಮಾರಲ್ಪಟ್ಟು, ಕೈಯಿಂದ ಕೈಗೆ ದಾಟಿ ಅಹಮದನಗರಕ್ಕೆ ಬಂದ ಈತನು, ಆ ರಾಜ್ಯದ ಪ್ರಧಾನನಾಗಿ ಜಹಾಂಗೀರ ಬಾದಶಹನ ಸೈನ್ಯಗಳನ್ನು ವರ್ಷಾನುವರ್ಷ ತಡೆದು ನಿಲ್ಲಿಸಿದನು. ಭೂಮಿಯನ್ನು ಅಳೆದು ಕಂದಾಯ ಗೊತ್ತುಮಾಡುವ ಕ್ರಮವನ್ನು ಬಳಕೆಗೆ ತಂದನು. ಖಡಕಿ ಎಂಬ ಊರನ್ನು ಕಟ್ಟಿಸಿದನು. ಅದೇ ಮುಂದೆ ಔರಂಗಾಬಾದ ಎನಿಸಿತು. ೧೬೨೬ರಲ್ಲಿ ಅವನು ತೀರಿಕೊಂಡನು. ಕೊಂಕಣದ ಜಂಜೀರೆಯಲ್ಲಿ ಸಿದ್ದಿ ಮನೆತನವು ೧೯೪೮ರಲ್ಲಿ ಸಂಸ್ಥಾನವು ವಿಲೀನವಾಗುವವರೆಗೂ ಆಳಿತು.

ಇದು ಆಸ್ಥಾನದ ಸಿದ್ದಿಯರ ಕಥೆ. ಕಾಡಿನ ಸಿದ್ದಿಯರ ಕಥೆ ಬೇರೆ. ಪೋರ್ತುಗೀಜರು ೧೫೧೦ರಲ್ಲಿ ಗೋವೆಯನ್ನು ಗೆದ್ದ ಮೇಲೆ, ತಮ್ಮ ವಶದಲ್ಲಿದ್ದ ಮೊಜಾಂಬಿಕ್ ಮೊದಲಾದ ಪೂರ್ವ ಆಫ್ರಿಕದ ನೆಲೆಗಳಿಂದ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಹಡಗುಗಳಲ್ಲಿ ತುಂಬಿ ತಂದು ಮಾರಿದರು. ಮನೆಗೆಲಸ, ಪಲ್ಲಕ್ಕಿ ಹೊರುವುದು, ಹಡಗುಕಟ್ಟೆಯ ದುಡಿಮೆ, ಕಾವಲು ಇವೆಲ್ಲ ಅವರ ಪಾಲಿಗೆ ಬಂದುವು. ಕ್ರೈಸ್ತದೀಕ್ಷೆಯೊಡನೆ ಹೊಸ ಹೆಸರುಗಳು ಬಂದುವು. ತಾಯಿತಂದೆಗಳಿಟ್ಟ ಹೆಸರುಗಳು ಕಡಲಿನಲ್ಲಿಯೇ ಉಳಿದುವು. ಈ ಬಾಳನ್ನು ಸಹಿಸಲಾರದವರು ಗೋವೆಯಿಂದ ತಪ್ಪಿಸಿಕೊಂಡು ಸಹ್ಯಾದ್ರಿಯನ್ನು ಹತ್ತಿ, ಪೋರ್ತುಗೀಜರ ಕೈಗೆಟುಕದ ನಮ್ಮ ಕಾಡುಗಳನ್ನು ಹೊಕ್ಕರು. ಪೋರ್ತುಗಾಲವು ಗುಲಾಮರ ಸಾಗಾಟವನ್ನು ೧೮೩೬ರಲ್ಲಿ ನಿಷೇಧಿಸಿತು. ಗುಲಾಮಗಿರಿಯನ್ನೇ ರದ್ದುಪಡಿಸಿದುದು ೧೮೬೯ರಲ್ಲಿ. ಇತ್ತ ಬ್ರಿಟಿಷ್ ಹಿಂದುಸ್ತಾನದಲ್ಲಿ ೧೮೪೩ರ ಕಾಯಿದೆಯು ಗುಲಾಮಗಿರಿಗೆ ನ್ಯಾಯಾಲಯಗಳ ಮನ್ನಣೆಯನ್ನು ತೆಗೆದುಹಾಕಿತು. ೨೦೧೧ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ರಕ್ತಪರೀಕ್ಷೆಯ ಮೂಲಕ ವಂಶಮೂಲವನ್ನು ಶೋಧಿಸಿ, ಸಿದ್ದಿಯರ ಪೂರ್ವಿಕರಲ್ಲಿ ಬಹುಭಾಗವು ಪೂರ್ವ ಆಫ್ರಿಕದ ಬಾಂಟು ಜನಾಂಗಗಳಿಗೆ ಸೇರಿದುದೆಂದು ತೋರಿಸಿರುವುದು ಈ ಇತಿಹಾಸಕ್ಕೆ ಹೊಂದುವಂತಿದೆ.

ಇವರನ್ನು 'ಓಡಿಬಂದವರು' ಎಂದು ಹೇಳಿ ಮುಗಿಸುವ ವಾಡಿಕೆಯುಂಟು. ಆದರೆ ವಾಚಕರು ಒಂದು ಗಳಿಗೆ ಯೋಚಿಸಬೇಕು. ಭಾಷೆ ತಿಳಿಯದ ನಾಡಿನಲ್ಲಿ, ಹಿಂದಿರುಗಲು ದಾರಿಯಿಲ್ಲದವರು, ಹುಲಿ ಕರಡಿಗಳಿದ್ದ ದಟ್ಟ ಅಡವಿಯನ್ನು ಒಡೆಯನ ಮನೆಗಿಂತ ಮೇಲೆಂದು ಬಗೆದು ಹೊರಟುದು ಸಾಮಾನ್ಯವಾದ ಧೈರ್ಯವೆ? ಸ್ವಾತಂತ್ರ್ಯಪ್ರಿಯತೆಯ ಕಥೆಗಳನ್ನು ದೂರದ ದೇಶಗಳಿಂದ ತಂದು ಮಕ್ಕಳಿಗೆ ಹೇಳುವ ನಾವು, ನಮ್ಮ ಘಟ್ಟವನ್ನೇ ಹತ್ತಿ ಬಂದ ಸ್ವಾತಂತ್ರ್ಯದ ಕಥೆಯನ್ನು ಹೇಳದಿರುವುದು ವಿಚಿತ್ರ.

ಕಾಡಿಗೆ ಬಂದವರ ಕಷ್ಟ ಅಲ್ಲಿಗೆ ತೀರಲಿಲ್ಲವೆಂಬುದನ್ನೂ ಮರೆಮಾಚದೆ ಹೇಳಬೇಕು. ನೆಲದ ಹಕ್ಕಿಲ್ಲದ ಸಿದ್ದಿಯರಲ್ಲಿ ಅನೇಕರು ಅಡಕೆಯ ತೋಟ ಮತ್ತು ಗದ್ದೆಗಳ ಒಡೆಯರ ಬಳಿ ಸಾಲದ ನೆವದಿಂದ ತಲೆಮಾರುಗಳವರೆಗೆ ಜೀತ ದುಡಿದರು. ಜೀತವನ್ನು ದೇಶದಾದ್ಯಂತ ನಿಷೇಧಿಸಿದ ಕಾಯಿದೆಯು ೧೯೭೬ರಲ್ಲಿ ಬಂದಿತು. ಅದೇ ವರ್ಷ ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಯರನ್ನು ಕುರಿತ ತಮ್ಮ ಅಧ್ಯಯನಗ್ರಂಥವನ್ನು ಪ್ರಕಟಿಸಿದರು. ಪೋರ್ತುಗೀಜರ ತಪ್ಪನ್ನು ಎತ್ತಿ ಹೇಳುವಾಗ ನಮ್ಮವರ ತಪ್ಪಿನ ಪುಟವನ್ನು ಹಾರಿಸಿದರೆ ಅದು ಇತಿಹಾಸವಾಗಲಾರದು.

ಬರೆದಿಟ್ಟ ದಾಖಲೆಗಳಲ್ಲಿ ಸಿದ್ದಿಯರ ಮಾತು ಕೇಳಿಬರುವುದು ಕಡಮೆ; ಬರೆದವರು ಬಹುಶಃ ಕೊಂಡವರು, ಮಾರಿದವರು, ಆಳಿದವರು. ಆದುದರಿಂದ ಅವರ ಚರಿತ್ರೆಯನ್ನು ಅವರ ಕೈಗೆಲಸದಲ್ಲಿಯೂ ವಾದ್ಯದಲ್ಲಿಯೂ ಆಚಾರಗಳಲ್ಲಿಯೂ ಅರಸಬೇಕು. ದಮಾಮಿಯ ಬಡಿತವು ಅಂಥದೊಂದು ದಾಖಲೆ. ಸಿದ್ದಿ ಹೆಂಗಸರು ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಯು ಇನ್ನೊಂದು. ಅದನ್ನು ಅಂಚಿನಿಂದ ಮೊದಲುಮಾಡಿ ಒಳಮುಖವಾಗಿ ಹೊಲಿಯುತ್ತ ಬರುವರು. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ 'ಹೂವು' ಇಡುವರು. ಹೂವಿಲ್ಲದ ಕೌದಿಯು ಪೂರ್ಣವಾದುದಲ್ಲವೆಂದು ಅವರ ಭಾವನೆ. ಅಮೆರಿಕದ ಕಲಾವಿದ್ವಾಂಸ ಹೆನ್ರಿ ಡ್ರೂಅಲ್ ಅವರು ಈ ಕೌದಿಗಳನ್ನು ಅಭ್ಯಸಿಸಿ ಹೊರನಾಡಿನವರಿಗೆ ಪರಿಚಯಿಸಿದರು. ಹೊರಗಿನವರು ಬಂದು ಬೆಲೆ ಕಟ್ಟಿದ ಮೇಲೆ ಜಿಲ್ಲೆಯವರಾದ ನಾವು ಅದನ್ನು ಕಲೆಯೆಂದು ಗುರುತಿಸುವಂತಾಗಬಾರದಿತ್ತು.

ಕಳೆದ ಕೆಲವು ದಶಕಗಳಲ್ಲಿ ಮನ್ನಣೆಯು ಮೆಲ್ಲಮೆಲ್ಲನೆ ಬಂದಿದೆ. ೧೯೮೦ರ ದಶಕದಲ್ಲಿ ಹೆಗ್ಗೋಡಿನ ನೀನಾಸಂ ಬಳಗದವರು ಯಲ್ಲಾಪುರ ತಾಲೂಕಿನ ಮಂಚೀಕೇರಿಯಲ್ಲಿ ಸಿದ್ದಿಯರನ್ನೇ ನಟರನ್ನಾಗಿಸಿ, ನೈಜೀರಿಯದ ಚಿನುವ ಅಚಿಬೆಯವರ ಕಾದಂಬರಿಯನ್ನಾಧರಿಸಿದ ಕನ್ನಡ ನಾಟಕವನ್ನು ಆಡಿಸಿದರು. ಮುಂದೆ ಸಿದ್ದಿ ತರುಣತರುಣಿಯರು ಕನ್ನಡ ರಂಗಭೂಮಿಯಲ್ಲಿ ಹೆಸರು ಪಡೆದರು. ೧೯೮೭ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟ ಮೊದಲಾದ ಆಟಗಳಲ್ಲಿ ತರಬೇತು ಕೊಡತೊಡಗಿತು. ಕಮಲಾ ಸಿದ್ದಿ ಮುಂತಾದವರು ಅದರಿಂದ ಮುಂದೆ ಬಂದರು. ಆದರೆ ಆ ಯೋಜನೆಯು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸೇರಿದರು. ೨೦೨೦ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳವರಿಗೂ ಆ ಸೌಕರ್ಯವು ದೊರೆಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯೆನಿಸಿದರು.

ಇಷ್ಟಾದರೂ ಒಂದು ಕೊರತೆಯು ಉಳಿದೇ ಇದೆ. ತನ್ನ ನಾಡಿನ ಪೇಟೆಯಲ್ಲಿಯೇ ಸಿದ್ದಿ ತರುಣನು "ಯಾವ ದೇಶದವನು ನೀನು?" ಎಂಬ ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ. ಅಪ್ಪಟ ಕನ್ನಡದಲ್ಲಿ ಅವನು ಉತ್ತರ ಕೊಟ್ಟರೆ ಕೇಳಿದವರು ಬೆರಗಾಗುತ್ತಾರೆ. ಅವನ ಮೈಬಲವನ್ನು ಹೊಗಳುವವರುಂಟು, ಕುಣಿತವನ್ನು ನೋಡಿ ಚಪ್ಪಾಳೆ ತಟ್ಟುವವರುಂಟು. ಅವನಿಗೆ ಚರಿತ್ರೆಯೊಂದಿದೆಯೆಂದು ಬಗೆಯುವವರು ಕಡಮೆ. ಇದು ಕಾಯಿದೆಯಿಂದ ನೀಗುವ ಕೊರತೆಯಲ್ಲ, ಶಾಲೆಯಿಂದ ನೀಗಬೇಕಾದುದು.

ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರಿದ್ದಾರೆ. ಅಮೆರಿಕದಲ್ಲಿ ಗುಲಾಮರಾಗಿದ್ದ ತಾಯಿತಂದೆಗಳ ಮಗನಾಗಿ ೧೮೭೫ರಲ್ಲಿ ಹುಟ್ಟಿದ ಕಾರ್ಟರ್ ವುಡ್‌ಸನ್ ಎಂಬವರು ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತ ವಿದ್ಯೆ ಕಲಿತು, ೧೯೧೨ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿಯನ್ನು ಪಡೆದರು. ತಮ್ಮ ಜನರ ಚರಿತ್ರೆಯು ಪಠ್ಯಗಳಲ್ಲಿ ಇಲ್ಲದಿರುವುದನ್ನು ಕಂಡು, ೧೯೧೫ರಲ್ಲಿ ಅದರ ಸಂಶೋಧನೆಗಾಗಿ ಸಂಘವೊಂದನ್ನು ಕಟ್ಟಿದರು. ೧೯೨೬ರ ಫೆಬ್ರವರಿಯಲ್ಲಿ ಒಂದು ವಾರವನ್ನು ಆ ಚರಿತ್ರೆಯ ಅಭ್ಯಾಸಕ್ಕೆಂದು ಮೀಸಲಿಟ್ಟರು. ಊರೂರಿನ ಉಪಾಧ್ಯಾಯರು ಆ ವಾರವನ್ನು ನಡೆಸುತ್ತ ಬಂದುದರಿಂದ ೧೯೭೬ರ ಹೊತ್ತಿಗೆ ಅದು ಇಡಿಯ ತಿಂಗಳಾಗಿ ಬೆಳೆಯಿತು. ಸರಕಾರದ ಆಜ್ಞೆಗೆ ಕಾಯದೆ ಊರಿನ ಶಾಲೆಗಳಲ್ಲಿ ಮೊದಲಾದ ಕೆಲಸವಿದು ಎಂಬುದನ್ನು ನಾವು ಗಮನಿಸಬೇಕು.

ನಮ್ಮಲ್ಲಿಯೂ ಹಾಗೆಯೇ ಮೊದಲುಮಾಡಬಹುದು. ಫೆಬ್ರವರಿಯು ನಮ್ಮ ಮಕ್ಕಳಿಗೆ ಪರೀಕ್ಷೆಯ ಸಿದ್ಧತೆಯ ಕಾಲ. ಆದುದರಿಂದ ಆಗಸ್ಟ್ ೨೩ನೆಯ ದಿನವು ಹೆಚ್ಚು ಅನುಕೂಲ. ಗುಲಾಮರ ವ್ಯಾಪಾರವನ್ನೂ ಅದರ ನಿರ್ಮೂಲನವನ್ನೂ ಸ್ಮರಿಸುವ ದಿನವೆಂದು ಯುನೆಸ್ಕೊ ಸಂಸ್ಥೆಯು ಅದನ್ನು ಗೊತ್ತುಮಾಡಿದೆ. ಅಂದು ಪ್ರತಿಯೊಂದು ಶಾಲೆಯಲ್ಲಿಯೂ ಭೂಪಟವನ್ನು ಹರಡಿ ಮೊಜಾಂಬಿಕ್, ಗೋವೆ, ಯಲ್ಲಾಪುರಗಳನ್ನು ಒಂದು ಗೆರೆಯಿಂದ ಕೂಡಿಸಲಿ. ಮಲಿಕ್ ಅಂಬರನ ಪಾಠದ ಜತೆಗೇ ಹೆಸರುಳಿಯದ ಕಾಡಿನ ಸಿದ್ದಿಯರ ಪಾಠವೂ ನಡೆಯಲಿ. ದೊಡ್ಡವರಾದವರ ಕಥೆಯಷ್ಟನ್ನೇ ಹೇಳಿದರೆ, ದೊಡ್ಡವರಾಗದವರಿಗೆ ಮಾನವಿಲ್ಲವೆಂದು ಮಕ್ಕಳು ತಿಳಿಯುವರು. ಸಿದ್ದಿ ಹಿರಿಯರನ್ನು ಕರೆಸಿ ಗುರುಸ್ಥಾನದಲ್ಲಿ ಕುಳ್ಳಿರಿಸಿ ಅವರ ಬಾಯಿಂದಲೇ ಕೇಳಲಿ. ಕೇಳಿದುದನ್ನು ಮಕ್ಕಳು ಅವರ ಒಪ್ಪಿಗೆ ಪಡೆದು ಬರೆದಿಡಲಿ. ಕುಣಿತವನ್ನು ಮಾತ್ರ ಮಾಡಿಸಿ ಹಾರ ಹಾಕಿ ಕಳಿಸಿಬಿಟ್ಟರೆ ಉದ್ದೇಶವು ಕೆಡುವುದು. ಅಂಥ ಬರಹಗಳ ಒಂದೊಂದು ಪ್ರತಿಯನ್ನು ತಾಲೂಕಿನ ಗ್ರಂಥಾಲಯದಲ್ಲಿಯೂ ಸಿದ್ದಿಯರ ಊರುಗಳಲ್ಲಿಯೂ ಇರಿಸಬೇಕು. ಏಕೆಂದರೆ ಅದು ಮೊದಲು ಅವರ ಸ್ವತ್ತು.

ಇದರಿಂದ ಮಕ್ಕಳಲ್ಲಿ ಭೇದ ಬೆಳೆಯದೆ ಎಂದು ಕೆಲವರು ಶಂಕಿಸಬಹುದು. ಗುಲಾಮಗಿರಿಯನ್ನು ನೆನಪಿಸಿದರೆ ಆ ಮಕ್ಕಳಿಗೆ ನಾಚಿಕೆಯಾಗದೆ ಎಂದು ಇನ್ನು ಕೆಲವರು ಮರುಗಬಹುದು. ಭೇದವು ಈಗಲೇ ಪೇಟೆಯ ಪ್ರಶ್ನೆಯಲ್ಲಿದೆ. ಅದು ಹುಟ್ಟಿದುದು ಅರಿವಿನಿಂದಲ್ಲ, ಅರಿಯದೆ ಇದ್ದುದರಿಂದ. ನಾಚಿಕೆಯಾದರೋ ಮನುಷ್ಯರನ್ನು ಮಾರಿದವರದು, ಕೊಂಡವರದು, ದುಡಿಸಿ ಕೂಲಿ ಕೊಡದವರದು. ಬೆಟ್ಟ ಹತ್ತಿ ಬಂದು, ಕಾಡಿನಲ್ಲಿ ಮನೆ ಮಾಡಿ, ಮಕ್ಕಳಿಗೆ ಹಾಡನ್ನೂ ಹೊಲಿಗೆಯನ್ನೂ ಉಳಿಸಿಕೊಟ್ಟವರ ಸಂತತಿಗೆ ನಾಚಲು ಕಾರಣವೇನಿದೆ?

ಹೊನ್ನಾವರದ ೩೬ ಶಾಲೆಗಳನ್ನು ಕಂಡು ಹೊಗಳಿದ ಪ್ರವಾಸಿಯು ಈಗ ಬರುವಂತಿಲ್ಲ. ಬಂದರೆ ನಮ್ಮ ಶಾಲೆಗಳ ಸಂಖ್ಯೆಯನ್ನು ಕೇಳಿ ಸಂತೋಷಪಡುತ್ತಿದ್ದನು. ಆ ಮೇಲೆ, ತನ್ನನ್ನು ಕಡಲಿನಲ್ಲಿ ಕಾಯ್ದವರ ನಾಡಿನ ಜನರ ವಿಷಯವಾಗಿ ಅವುಗಳಲ್ಲಿ ಏನನ್ನು ಕಲಿಸುವಿರೆಂದು ಕೇಳುತ್ತಿದ್ದನು. ಆ ಪ್ರಶ್ನೆಗೆ ಕೊಡತಕ್ಕ ಉತ್ತರವನ್ನು ಜಿಲ್ಲೆಯ ಉಪಾಧ್ಯಾಯರೂ ತಾಯಿತಂದೆಗಳೂ ಕೂಡಿ ಸಿದ್ಧಪಡಿಸಲಿ ಎಂದು ನಮ್ಮ ವಿನಂತಿ.